ಚಿಕ್ಕಮ್ಮನ ಕಾಲಿನ ಅಳತೆ

ನಮ್ಮ ಚಿಕ್ಕಪ್ಪ ಬೂಟು ಹೊಲಿಯುವವರು. ಗಿರಾಕಿ ಎಷ್ಟೇ ಹಳಬನಾಗಿರಲಿ, ಪ್ರತಿ ಸಲವೂ ಕಾಗದದ ಮೇಲೆ ನಿಲ್ಲಿಸಿ, ಪಾದದ ಸುತ್ತ ಗೆರೆ ಎಳೆದು, "ಎಲ್ಲಾದ್ರೂ ನೋಯುತ್ತಾ?" ಎಂದು ಕೇಳಿದ ಮೇಲೆಯೇ ಚರ್ಮಕ್ಕೆ ಕತ್ತರಿ ಹಾಕುತ್ತಿದ್ದರು. ಚಿಕ್ಕಮ್ಮನಿಗೆ ಮಾತ್ರ ಈ ಮರ್ಯಾದೆ ಇರಲಿಲ್ಲ. "ಅವಳ ಕಾಲು ನಂಗೆ ಬಾಯಿಪಾಠ" ಎನ್ನುತ್ತಿದ್ದರು.

ಅವಳ ಕಾಲಿನ ಮರದ ಅಚ್ಚು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಚಿಕ್ಕಮ್ಮ ಲಾಂಡ್ರಿಯಲ್ಲಿ ಇಡೀ ದಿನ ನಿಂತು ಇಸ್ತ್ರಿ ಮಾಡುವವಳು. ಹೆಬ್ಬೆರಳಿನ ಬುಡದ ಮೂಳೆ ಉಬ್ಬುತ್ತ ಹೋದಂತೆ ಚಿಕ್ಕಪ್ಪ ಅಚ್ಚಿನ ಮೇಲೂ ಚರ್ಮದ ತುಂಡು ಅಂಟಿಸುತ್ತ ಬಂದರು. ಕೊನೆಗೆ ಆಪರೇಷನ್ ಮಾಡಿಸಿಕೋ ಎಂದು ಬೆನ್ನು ಬಿದ್ದವರೂ ಅವರೇ. ಅವಳಿಗೆ ಮನಸ್ಸಿರಲಿಲ್ಲ, ಆದರೂ ಒಪ್ಪಿದಳು.

ಬೆರಳು ನೆಟ್ಟಗಾಯಿತು. ಚಿಕ್ಕಪ್ಪನನ್ನು ಹಿಡಿಯುವವರೇ ಇಲ್ಲ! ಅಚ್ಚಿಗೆ ಅಂಟಿಸಿದ್ದನ್ನೆಲ್ಲ ಕಿತ್ತೆಸೆದು, ಅದೇ ಅಚ್ಚಿನ ಮೇಲೆ ಮೂತಿ ಸಣ್ಣಗಿರುವ, ಅಟ್ಟೆ ತೆಳ್ಳಗಿರುವ ಬೂಟು ಹೊಲಿದರು. ಎಷ್ಟೋ ವರ್ಷಗಳ ಮೇಲೆ ಅವಳಿಗಾಗಿ ಮಾಡಿದ ಚೆಂದದ ಜೋಡು. ಮನೆಗೆ ಬಂದವರಿಗೆಲ್ಲ ಅವಳ ಕಾಲು ತೋರಿಸುವುದೇ ಕೆಲಸವಾಯಿತು. ನನಗಂತೂ ನೋಡಿ ನೋಡಿ ಸಾಕಾಗಿತ್ತು.

ಚಿಕ್ಕಮ್ಮ ನಗುತ್ತಿದ್ದಳು. ಆದರೆ ಅಂಗಾಲಿನ ಮುಂಭಾಗದಲ್ಲಿ, ಎರಡನೆಯ ಬೆರಳಿನ ಬುಡದಲ್ಲಿ, ಹೊಸ ನೋವು ಶುರುವಾಗಿತ್ತು. "ಕಲ್ಲು ತುಳಿದ ಹಾಗಾಗುತ್ತೆ ಕಣೇ. ಅವರಿಗೆ ಹೇಳ್ಬೇಡ, ಎಷ್ಟು ಖುಷಿಯಾಗಿದಾರೆ ನೋಡು" ಎಂದು ನನ್ನ ಬಾಯಿ ಮುಚ್ಚಿಸಿದಳು. ನನಗೆ ಮೈಯೆಲ್ಲ ಉರಿಯಿತು. ಆದರೆ ಗಂಡ ಹೆಂಡಿರ ನಡುವೆ ಮೂಗು ತೂರಿಸಿ ಯಾರು ಉದ್ಧಾರವಾಗಿದ್ದಾರೆ?

ಅಟ್ಟೆ ಸವೆದು ಬೂಟು ರಿಪೇರಿಗೆ ಬಂತು. ಚಿಕ್ಕಪ್ಪ ಒಳಗೆ ಕೈ ಹಾಕಿದವರು ಹಾಗೇ ಕುಳಿತುಬಿಟ್ಟರು. ಹೆಬ್ಬೆರಳಿನ ಜಾಗ ಹೊಸದರಂತೆಯೇ ಇತ್ತು. ಪಕ್ಕದ ಬೆರಳಿನ ಬುಡದಲ್ಲಿ ಮಾತ್ರ ಕಪ್ಪಗೆ ಗುಳಿ ಬಿದ್ದಿತ್ತು. ಅವತ್ತು ಅವರಿಗೆ ಊಟ ಸೇರಲಿಲ್ಲ.

ಮಾರನೆಯ ದಿನ ತಾವೇ ಅವಳನ್ನು ಡಾಕ್ಟರ ಬಳಿ ಕರೆದೊಯ್ದರು. "ನೆಟ್ಟಗೆ ಮಾಡುವಾಗ ಮೂಳೆ ಸ್ವಲ್ಪ ಗಿಡ್ಡವಾಗಿದೆ. ಹೆಬ್ಬೆರಳು ಹೊರಬೇಕಾದ ಭಾರ ಪಕ್ಕದ್ದರ ಮೇಲೆ ಬಿದ್ದಿದೆ. ಒಮ್ಮೊಮ್ಮೆ ಹೀಗಾಗುತ್ತೆ" ಎಂದರು ಡಾಕ್ಟರು. "ಬೂಟಿನೊಳಗೆ ಮೆತ್ತೆ ಇಟ್ಟು ನೋಡೋಣ. ಪೂರ್ತಿ ವಾಸಿಯಾಗುತ್ತೆ ಅಂತ ಹೇಳೋಕಾಗಲ್ಲ."

ಮನೆಗೆ ಬಂದವರೇ ಚಿಕ್ಕಪ್ಪ ಗೋಡೆಯ ಅಚ್ಚನ್ನು ಕಿತ್ತು ಮೂಲೆಗೆಸೆದರು. ನೆಲದ ಮೇಲೆ ಕಾಗದ ಹಾಸಿ ಮಂಡಿಯೂರಿ ಕುಳಿತರು. "ನಿಲ್ಲು" ಎಂದರು.

"ಬಾಯಿಪಾಠ ಅಂತಿದ್ರಲ್ಲ?"

ಚಿಕ್ಕಪ್ಪ ತಲೆ ಎತ್ತಲಿಲ್ಲ. "ಬಂದು ಹೋಗೋರನ್ನೆಲ್ಲ ಕೇಳ್ದೆ, ಎಲ್ಲಿ ನೋಯುತ್ತೆ ಅಂತ. ನಿನ್ನ ಕೇಳ್ಲೇ ಇಲ್ಲ" ಎಂದರು.

ಚಿಕ್ಕಮ್ಮ ಅವರ ಹೆಗಲ ಮೇಲೆ ಕೈಯೂರಿ, ನೋಯುವ ಕಾಲನ್ನು ಕಾಗದದ ಮೇಲಿಟ್ಟಳು.

"ಈಗ ಕೇಳಿ" ಎಂದಳು.