ಇವರು ನಿಮಗೇನಾಗಬೇಕು?

ಆಧಾರ್ ಕಾರ್ಡಿನ ಬಗ್ಗೆ ಊರಲ್ಲಿ ಯಾರಾದರೂ ವಾದಕ್ಕೆ ಕೂತರೆ ನಾನು ಎದ್ದು ಹೋಗುತ್ತೇನೆ. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ ಎಂಬುದು ಎಲ್ಲರಿಗೂ ಗೊತ್ತು. ಹಾಗಾಗಿ ನಾನು ಎದ್ದರೆ ಅವರಿಗೇ ಗಾಬರಿ. "ಯಾಕ್ ಮಾರಾಯ್ತಿ, ಏನೂ ಹೇಳ್ದಂಗೆ ಹೊಂಟ್ಬುಟ್ಟೆ?" ಅನ್ನುತ್ತಾರೆ. ಹೇಳುವುದು ಬೇಕಾದಷ್ಟಿದೆ. ಹೇಳಲು ಹೊರಟರೆ ಅಳು ಬರುತ್ತದೆ, ಅಷ್ಟೇ.

ನನ್ನನ್ನು ಹೆತ್ತವಳು ಒಬ್ಬಳು, ಸಾಕಿದವಳು ಇನ್ನೊಬ್ಬಳು. ಇಬ್ಬರೂ ಅಕ್ಕತಂಗಿಯರು. ಅಕ್ಕನಿಗೆ ಮಕ್ಕಳಾಗಲಿಲ್ಲ. ಮಗ್ಗೆಯ ಕಡೆಗೆ ಕೊಟ್ಟಿದ್ದ ತಂಗಿಗೆ ಮೇಲಿಂದ ಮೇಲೆ ಹೆಣ್ಣುಮಕ್ಕಳು. ನಾನು ಹುಟ್ಟಿದಾಗ, ಬಾಣಂತನ ಮುಗಿದದ್ದೇ, ತಂಗಿ ನನ್ನನ್ನು ಅಕ್ಕನ ಮಡಿಲಿಗೆ ಹಾಕಿದಳು. ಕದ್ದುಮುಚ್ಚಿ ಮಾಡಿದ ಕೆಲಸವಲ್ಲ ಅದು. ಕೆ. ಹೊಸಕೋಟೆ ಹತ್ತಿರದ ನಮ್ಮೂರಿನಲ್ಲಿ, ಜಗಲಿ ತುಂಬ ಜನರನ್ನು ಕೂರಿಸಿಕೊಂಡು, ಅಕ್ಕನ ಸೆರಗಿಗೆ ಅಕ್ಕಿ, ಕಾಯಿ, ಬೆಲ್ಲ ಹಾಕಿ, ಅದರ ಮೇಲೆ ನನ್ನನ್ನು ಮಲಗಿಸಿದರಂತೆ. ಆವತ್ತಿನಿಂದ ಅಕ್ಕ ನನಗೆ ಅವ್ವ. ಹೆತ್ತವಳು ಚಿಕ್ಕವ್ವ, ಅವಳ ಗಂಡ ಚಿಕ್ಕಪ್ಪ. ನನಗಾಗಲಿ ಅವರಿಗಾಗಲಿ ಇದರಲ್ಲಿ ಯಾವ ಗೊಂದಲವೂ ಇರಲಿಲ್ಲ.

ಅವ್ವನಿಗೆ ಸ್ವಲ್ಪ ಕಾಫಿ ತೋಟವಿತ್ತು, ಅದಕ್ಕಿಂತ ಸ್ವಲ್ಪ ಹೆಚ್ಚು ಸಿಟ್ಟಿತ್ತು. ಗಂಡ ಬೇಗ ತೀರಿಕೊಂಡಿದ್ದರು. ಒಂದು ಸಲ ಬಸ್ಸಿನಲ್ಲಿ ಯಾರೋ ನೆಂಟರ ಹೆಂಗಸು ನನ್ನ ಕೆನ್ನೆ ಹಿಂಡಿ, "ಇವ್ಳು ನಿನ್ ತಂಗಿ ಮಗಳಲ್ವಾ?" ಅಂದಳು. "ನನ್ ಮಗಳು ಕಣೇ! ನೀನೂ ಅವತ್ತು ಕೂತು ಪಾಯ್ಸ ತಿಂದಿದ್ದೆ, ಮರ್ತೋಯ್ತಾ?" ಎಂದು ಅವ್ವ ಬಸ್ಸಿಗೆಲ್ಲ ಕೇಳುವ ಹಾಗೆ ಅಂದಳು. ಆ ವರ್ಷ ಕಾಫಿ ಕೊಯ್ಲು ಮುಗಿದರೂ ಆ ಹೆಂಗಸಿನ ಜೊತೆ ಮಾತಿರಲಿಲ್ಲ. ತಂಗಿ ಮಗಳು ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಶಾಲೆಗೆ ಸೇರಿಸಲು ಮಾತ್ರ ಚಿಕ್ಕಪ್ಪ ಬಂದಿದ್ದರು. ಹೆಡ್ ಮಾಸ್ತರು ತಂದೆಯ ಹೆಸರು ಕೇಳಿದರು, ಅವರು ತಮ್ಮ ಹೆಸರು ಹೇಳಿದರು. ಆ ಹೆಸರು ಶಾಲೆಯಲ್ಲಿಯೇ ಇತ್ತು, ಮನೆಗೆ ಬಂದು ಯಾರನ್ನೂ ಕಾಡಲಿಲ್ಲ.

ನಾನು ಕಾಲೇಜು ಮುಗಿಸಿ ಹೊಲಿಗೆ ಮೆಷಿನ್ ಹಾಕಿಕೊಂಡು ಕೂತ ಕಾಲಕ್ಕೆ ಈ ಕಾರ್ಡಿನ ಗದ್ದಲ ಶುರುವಾಯಿತು. ಟಿವಿ ಹಾಕಿದರೆ ಅದೇ, ಪೇಪರ್ ಬಿಚ್ಚಿದರೆ ಅದೇ. ನಮ್ಮ ಗ್ರಾಮಸಭೆಯಲ್ಲೂ ಜೋರು ಚರ್ಚೆ ನಡೆಯಿತು. ಎಸ್ಟೇಟಿನ ಸಾಹುಕಾರರೊಬ್ಬರು ಕಾರ್ಡು ಬೇಕೇ ಬೇಕು ಅಂದರು. ಕಳ್ಳರು ಸಿಗುತ್ತಾರೆ, ಬೇರೆಯವರ ಹೆಸರಲ್ಲಿ ಅಕ್ಕಿ ತಿನ್ನುವವರು ಸಿಗುತ್ತಾರೆ. ರಿಟೈರಾದ ಮೇಷ್ಟ್ರು ಬೇಡವೇ ಬೇಡ ಅಂದರು. "ನನ್ ಬೆರಳು ನಂದು ಕಣ್ರೀ. ಸರ್ಕಾರಕ್ಕೆ ಯಾಕ್ ಬೇಕು ಅದು?" ಜನ ಇಬ್ಬರಿಗೂ ಚಪ್ಪಾಳೆ ಹೊಡೆದರು, ನಮ್ಮೂರಿನವರು ಧಾರಾಳಿಗಳು.

ಹೆಂಗಸರ ಕಡೆಯಿಂದ ಅವ್ವ ಎದ್ದು ನಿಂತಳು. "ಅದ್ರಲ್ಲಿ ಹೆತ್ತೋರ್ ಹೆಸ್ರು ಬರೀತೀರೋ, ಸಾಕ್ದೋರ್ ಹೆಸ್ರೋ?"

ಸಭೆ ನಕ್ಕಿತು. ಕೆಟ್ಟ ನಗುವಲ್ಲ, ಅವ್ವನ ಮೇಲೆ ಎಲ್ಲರಿಗೂ ಪ್ರೀತಿಯಿತ್ತು. "ಅದೆಲ್ಲಾ ಅಲ್ಲೇ ಹೇಳ್ತಾರೆ, ಕೂತ್ಕಳಮ್ಮ" ಅಂದರು ಸಾಹುಕಾರರು. ಮೇಷ್ಟ್ರೂ ತಲೆಯಾಡಿಸಿದರು. ಅವರಿಬ್ಬರೂ ಒಪ್ಪಿದ್ದು ಆವತ್ತು ಅದೊಂದೇ ವಿಷಯಕ್ಕೆ. ಆಮೇಲೆ ಎಷ್ಟೋ ವರ್ಷ ಆ ಚರ್ಚೆ ನಡೆಯಿತು. ಖಾಸಗಿತನ ಅಂದರು, ಭದ್ರತೆ ಅಂದರು, ಕೋರ್ಟಿಗೆ ಹೋದರು. ಬೇಕು ಅಂದವರ ಬಾಯಲ್ಲೂ ಬೇಡ ಅಂದವರ ಬಾಯಲ್ಲೂ ಅವ್ವನ ಪ್ರಶ್ನೆಯನ್ನು ನಾನು ಕೇಳಲಿಲ್ಲ.

ಕಾರ್ಡು ಮಾಡಿಸುವ ದಿನ ಅವ್ವ ಸಾಕ್ಷಿಗೆ ಜನ ಕರೆದುಕೊಂಡು ಹೊರಟಳು. ಮದುವೆ ಮಾತಿಗೋ ಜಮೀನಿನ ನ್ಯಾಯಕ್ಕೋ ಕರೆದೊಯ್ಯುವ ಹಾಗೆ, ಅಂದು ಜಗಲಿಯಲ್ಲಿ ಕೂತಿದ್ದವರಲ್ಲಿ ಬದುಕಿ ಉಳಿದವರನ್ನೆಲ್ಲ ಒಟ್ಟು ಮಾಡಿದ್ದಳು. ಪಕ್ಕದ ಮನೆಯ ಅಜ್ಜಿ ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದು ಉಟ್ಟಿದ್ದರು. ನನಗೆ ನಾಚಿಕೆ, ನಗು ಎರಡೂ. ಈ ಕಾರ್ಡಿನ ವಿಷಯ ಬಂದರೆ ಎಲ್ಲರೂ ಸವೆದ ಬೆರಳಿನ ಕಥೆ ಹೇಳುತ್ತಾರೆ. ಅವ್ವನ ಬೆರಳನ್ನು ಮೆಷಿನ್ ಒಂದೇ ಸಲಕ್ಕೆ ಒಪ್ಪಿಕೊಂಡಿತು. ತೊಡಕಾದದ್ದು ನನ್ನ ಸರದಿ ಬಂದಾಗ.

"ಬರ್ಕಳಿ, ನನ್ ಮಗಳು. ಇವ್ರೆಲ್ಲಾ ನೋಡವ್ರೆ" ಅಂದಳು ಅವ್ವ.

ಕಂಪ್ಯೂಟರ್ ಮುಂದಿದ್ದ ಹೆಂಗಸು ತಲೆ ಎತ್ತಿ ನೋಡಿದಳು. "ಜನ ಬೇಡಮ್ಮ, ಮಾರ್ಕ್ಸ್ ಕಾರ್ಡ್ ಕೊಡಿ."

ಮಾರ್ಕ್ಸ್ ಕಾರ್ಡಿನಲ್ಲಿದ್ದ ಹೆಸರು ಕಂಪ್ಯೂಟರಿಗೆ ಹೋಯಿತು. ರೇಷ್ಮೆ ಸೀರೆಯ ಅಜ್ಜಿ ಕೂತಲ್ಲೇ ಕೂತಿದ್ದರು, ಯಾರೂ ಅವರನ್ನು ಏನೂ ಕೇಳಲಿಲ್ಲ. ಕಾರ್ಡು ಬಂದಾಗ ಅವ್ವ ಅದನ್ನು ನನ್ನ ಕೈಲಿ ಓದಿಸಿದಳು. ನಾನು ಚಿಕ್ಕಪ್ಪನ ಹೆಸರಿನ ಹತ್ತಿರ ನಿಲ್ಲಿಸಿ ಅವಳ ಮುಖ ನೋಡಿದೆ. "ಫೋಟೋ ಚೆನ್ನಾಗ್ ಬಂದೈತೆ" ಅಂದಳು.

ಮುಂದೆ ರೇಷನ್ ಕಾರ್ಡಿಗೆ ಆಧಾರ್ ಜೋಡಿಸಿ ಎಂದು ಬಂತು. ಅವ್ವನ ರೇಷನ್ ಕಾರ್ಡಿನಲ್ಲಿ ನಾನು ಮಗಳು. ಅದನ್ನು ಬರೆದವರು ನಮ್ಮೂರನ್ನು ಬಲ್ಲವರು, ಕಂಡದ್ದನ್ನು ಬರೆದಿದ್ದರು. ಆಲೂರಿನ ತಾಲ್ಲೂಕು ಕಚೇರಿಯಲ್ಲಿ ಕೂತಿದ್ದ ಗುಮಾಸ್ತರು ಎರಡೂ ಕಾರ್ಡು ಪಕ್ಕಪಕ್ಕ ಇಟ್ಟುಕೊಂಡು ನಿಧಾನವಾಗಿಯೇ ಹೇಳಿದರು. "ನೋಡಿ, ಇಲ್ಲಿ ಮಗಳು ಅಂತಿದೆ, ಅಲ್ಲಿ ತಂದೆನೇ ಬೇರೆ. ಸುಳ್ಳು ಮಾಹಿತಿ ಅಂತ ನಾಳೆ ನಿಮ್ಮ ಕಾರ್ಡೇ ರದ್ದಾಗುತ್ತೆ. ಇವರನ್ನ ತೆಗೆದುಬಿಡ್ತೀನಿ."

ಬೈದಿದ್ದರೆ ಅವ್ವ ತಿರುಗಿ ಬೈಯುತ್ತಿದ್ದಳು. ಸುಳ್ಳು ಎಂಬ ಆ ಮಾತಿಗೆ ಅವಳು ಹೂಂ ಅಂದುಬಿಟ್ಟಳು. ನಾನು ಜಗಳಕ್ಕೆ ನಿಂತೆ, ಅವಳೇ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದಳು. ದತ್ತು ಪತ್ರ ಮಾಡಿಸೋಣ ಎಂದು ವಕೀಲರ ಹತ್ತಿರ ಹೋದೆವು. ಇಷ್ಟು ದೊಡ್ಡವಳಾದ ಮೇಲೆ ಆಗುವುದಿಲ್ಲ ಅಂದರು.

ವಾಪಸು ಬರುವಾಗ ರಸ್ತೆಯಲ್ಲಿ ಆನೆಗಳಿದ್ದವೆಂದು ಬಸ್ಸು ಬಹಳ ಹೊತ್ತು ನಿಂತಿತ್ತು. ಅವ್ವ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಂದಳು, "ಇನ್ಮೇಲೆ ಯಾರ್ ಕೇಳಿದ್ರೂ ಕಾರ್ಡಲ್ಲಿ ಇರಂಗೇ ಹೇಳ್ಬೇಕು ಕಣವ್ವ. ನಿಂಗೇನಾರ ತೊಂದ್ರೆ ಆದಾತು."

"ನೀನ್ ಬೇಕಾರೆ ಹೇಳ್ಕೊ. ನಾನ್ ಸತ್ರೂ ಹೇಳಲ್ಲ" ಅಂದೆ.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವನಿಗೆ ಹೊಟ್ಟೆನೋವು ಹೆಚ್ಚಾಯಿತು. ಕರುಳಿನಲ್ಲಿ ತೊಂದರೆಯಿದೆ, ತಕ್ಷಣ ಆಪರೇಷನ್ ಆಗಬೇಕು ಅಂದರು. ಹಾಸನದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವ್ವನನ್ನು ಸ್ಟ್ರೆಚರಿನ ಮೇಲೆ ಮಲಗಿಸಿದ್ದರು. ಕೌಂಟರಿನ ಹೆಂಗಸು ಇಬ್ಬರ ಕಾರ್ಡೂ ಇಸಿದುಕೊಂಡಳು.

"ಇವರು ನಿಮಗೇನಾಗಬೇಕು?"

"ಅವ್ವ. ನಾನು ಮಗಳು."

ಅವಳು ಕಾರ್ಡು ತಿರುವಿ ನೋಡಿದಳು. "ಇದ್ರಲ್ಲಿ ಬೇರೆ ಇದೆಯಲ್ಲ. ಸರಿಯಾಗಿ ಹೇಳಿ, ಸಹಿ ಯಾರು ಹಾಕೋದು?"

ನನಗೆ ತಲೆ ಕೆಟ್ಟಿತು. "ಸರಿಯಾಗೇ ಹೇಳ್ತಿದೀನಿ, ನಂಗೆ ಇವಳೇ ಅವ್ವ" ಎಂದು ದನಿ ಏರಿಸಿದೆ. ಅಷ್ಟರಲ್ಲಿ ಸ್ಟ್ರೆಚರಿನಿಂದ ಅವ್ವನ ಕೈ ನನ್ನ ಸೆರಗು ಹಿಡಿದು ಜಗ್ಗಿತು.

"ಸುಮ್ಕಿರು" ಅಂದಳು ನನಗೆ. ಆಮೇಲೆ ಕೌಂಟರಿನ ಕಡೆಗೆ ಕತ್ತು ಹೊರಳಿಸಿ, ಇದ್ದಬದ್ದ ಉಸಿರೆಲ್ಲ ಹಾಕಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ನನ್ ತಂಗಿ ಮಗಳು ಕಣಮ್ಮ. ಕಾರ್ಡಲ್ಲಿ ಇರಂಗೇ ಬರ್ಕಳಿ."

"ಹಾಗೆ ಹೇಳಿ ಮತ್ತೆ" ಅಂದಳು ಆ ಹೆಂಗಸು. ಅವಳಿಗೆ ಹಗುರಾಯಿತು. ನಾನು ಸಹಿ ಹಾಕಿದೆ.

ಅವ್ವನನ್ನು ಒಳಗೆ ತಳ್ಳಿಕೊಂಡು ಹೋಗುವಾಗ ನಾನು ಅವಳ ಮುಖ ನೋಡಲಿಲ್ಲ, ಅಷ್ಟು ಸಿಟ್ಟು ಬಂದಿತ್ತು. ಹೊರಗೆ ಬರಲಿ, ಹುಷಾರಾಗಲಿ, ಆಮೇಲೆ ಇದೆ ಇವಳಿಗೆ ಅಂದುಕೊಂಡೆ. ಏನೇನು ಬೈಯಬೇಕು ಎಂದು ಬೆಂಚಿನ ಮೇಲೆ ಕೂತು ಮಾತು ಜೋಡಿಸುತ್ತಿದ್ದೆ. ಅವ್ವನಿಗೆ ಎಚ್ಚರವಾಗಲಿಲ್ಲ. ಮಾರನೆಯ ದಿನ ಬೆಳಗ್ಗೆ ಹೋಗಿಬಿಟ್ಟಳು.

ದೇಹ ಕೊಡುವ ಕಡೆಯೂ ಒಂದು ಕೌಂಟರಿತ್ತು. ಅಲ್ಲಿದ್ದವರು ನನ್ನ ಕಾರ್ಡು ಕೈಯಲ್ಲಿ ಹಿಡಿದು ಮೆತ್ತಗೆ ಕೇಳಿದರು, "ಇವರು ನಿಮಗೇನಾಗಬೇಕು?"

ನನ್ನ ಹಿಂದೆ ಇನ್ನೂ ಜನ ನಿಂತಿದ್ದರು. ಒಂದು ಮಾತು ಹೆಚ್ಚು ಕಡಿಮೆಯಾದರೆ ಅವಳನ್ನು ಅಲ್ಲೇ ಇಟ್ಟುಕೊಳ್ಳುತ್ತಾರೇನೋ ಎಂಬ ಭಯ.

"ದೊಡ್ಡಮ್ಮ" ಅಂದೆ. ಹುಟ್ಟಿದ ಮೇಲೆ ಮೊದಲನೇ ಸಲ.

ಅವರು ಬರೆದುಕೊಂಡರು. ಎಲ್ಲ ಸರಿಯಾಗಿತ್ತು. ಯಾವ ತಕರಾರೂ ಇಲ್ಲದೆ ಅವ್ವನನ್ನು ನನ್ನ ಕೈಗೆ ಕೊಟ್ಟರು.