ಬಾಗಿದ ಕೊಂಬಿನ ಓರಿಕ್ಸ್

ನನ್ನ ಹೆಂಡತಿ ವಸಂತಿ ಕೊನೆಯ ಸಲ ಮಣ್ಣು ಕಲಸಲು ಹೋದದ್ದು ಒಂದು ಶುಕ್ರವಾರ. ನಾನು ದೂರದ ರುವೈಸ್‌ನ ತೈಲ ರಿಫೈನರಿಯಿಂದ ವಾರಕ್ಕೊಮ್ಮೆ ಮಾತ್ರ ದುಬೈಯ ಅಲ್ ನಹ್ದಾದ ನಮ್ಮ ಮನೆಗೆ ಬರುತ್ತಿದ್ದೆ. ಅಂಥ ಶುಕ್ರವಾರದ ಬೆಳಗನ್ನೂ ಅವಳು ಗೆಳತಿ ಜುಬೇದಾರ ಜೊತೆ ಅಲ್ ಕೂಸ್‌ನ ಕುಂಬಾರಿಕೆಯ ಶೆಡ್ಡಿನಲ್ಲಿ ಕಳೆಯುತ್ತಿದ್ದಳು. ಅಲ್ಲಿ ಕೆಲವು ಹೆಂಗಸರು ಸೇರಿ ಮಣ್ಣಿನ ಆಮೆ, ಫ್ಲೆಮಿಂಗೊ, ಓರಿಕ್ಸ್‌ಗಳನ್ನು ಮಾಡಿ, ಸುಟ್ಟು, ವರ್ಷಕ್ಕೊಮ್ಮೆ ಅಬುಧಾಬಿಯಲ್ಲಿ ಮಾರುತ್ತಿದ್ದರು. ಬಂದ ಹಣ ಗಾಯಗೊಂಡ ಕಡಲಾಮೆಗಳ ಮತ್ತು ಮರುಭೂಮಿಯ ಪ್ರಾಣಿಗಳ ಆರೈಕೆಗೆ.

"ನೀರುದೋಸೆ ಹಿಟ್ಟು ಫ್ರಿಜ್ಜಿನಲ್ಲುಂಟು, ನೀವೇ ಹೊಯ್ಕೊಳ್ಳಿ" ಎಂದಳು.

"ಆಮೆಗಿರುವ ಭಾಗ್ಯ ನನಗಿಲ್ಲ" ಎಂದೆ.

"ಆಮೆ ಮುಖ ಊದಿಸುವುದಿಲ್ಲ ಮಾರಾಯ್ರೇ" ಎಂದು ನಗುತ್ತಾ ಲಿಫ್ಟಿನ ಕಡೆಗೆ ಹೋದಳು.

ಮುಂದಿನ ಮಂಗಳವಾರ ಅವಳ ತಲೆಯಲ್ಲಿ ರಕ್ತನಾಳ ಒಡೆಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದವರೂ ಜುಬೇದಾ. ನಾನು ರುವೈಸ್‌ನಿಂದ ಬಂದು ತಲುಪುವಾಗ ಎಲ್ಲ ಮುಗಿದಿತ್ತು.

ಮೂರು ತಿಂಗಳ ಮೇಲೆ ಜುಬೇದಾ ಫೋನ್ ಮಾಡಿದರು. "ಅಣ್ಣ, ಈ ಶುಕ್ರವಾರ ಮಾರಾಟ ಉಂಟು. ವಸಂತಿ ಮಾಡಿದ್ದು ಎರಡು ಉಳಿದಿದೆ. ನಮ್ಮ ಕಾರಲ್ಲೇ ಬನ್ನಿ." ಆ ಕಾರಿನ ಮುಂದಿನ ಸೀಟಿನಲ್ಲಿ ವಸಂತಿ ವರ್ಷಗಟ್ಟಲೆ ಕೂತು ಹರಟಿದ್ದಳು. ಬಸ್ಸಿನಲ್ಲಿ ಬರುತ್ತೇನೆ ಎಂದೆ. ಎರಡನ್ನೂ ಮನೆಗೆ ತರಬೇಕು, ಇನ್ನೊಬ್ಬರ ಕೈಗೆ ಬಿಡಬಾರದು ಎಂಬುದಷ್ಟೇ ಮನಸ್ಸಿನಲ್ಲಿತ್ತು.

ಶುಕ್ರವಾರ ಮೆಟ್ರೋ ಶುರುವಾಗುವುದು ತಡ. ಟ್ಯಾಕ್ಸಿ ಹಿಡಿದು ಅಲ್ ಘುಬೈಬಾ ಬಸ್ ನಿಲ್ದಾಣಕ್ಕೆ ಹೋದೆ. ಅಬುಧಾಬಿಗೆ ಇಪ್ಪತ್ತೈದು ದಿರ್ಹಂ, ಎರಡು ಗಂಟೆಯ ದಾರಿ. ಜೆಬೆಲ್ ಅಲಿ ದಾಟುವವರೆಗೂ ಮಂಜು ಕವಿದಿತ್ತು. ಪಕ್ಕದಲ್ಲಿ ಕೂತಿದ್ದವನು ಬಂಟ್ವಾಳ ಕಡೆಯವನು, ಮುಸಫ್ಫಾದಲ್ಲಿ ವೆಲ್ಡರ್. ಊರಿನಲ್ಲಿದ್ದ ಹೆಂಡತಿಗೆ ಫೋನ್ ಮಾಡಿ, "ಎಂತ ಸಾರು ಇವತ್ತು? ಬಂಗುಡೆಯಾ? ನನ್ನನ್ನು ಬಿಟ್ಟು ತಿನ್ನುದಾ?" ಎಂದು ಗದರಿಸುತ್ತಿದ್ದ. ಅವನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಕಿಟಕಿಯ ಕಡೆ ತಿರುಗಿದೆ.

ಮಾರಾಟ ಕಡಲ ದಂಡೆಯ ಕಾರ್ನಿಶ್ ರಸ್ತೆಯ ಹತ್ತಿರದ ಒಂದು ಪಾರ್ಕಿನಲ್ಲಿತ್ತು. ಬಟ್ಟೆಯ ಚಪ್ಪರದಡಿ ಮೇಜುಗಳು. ಜುಬೇದಾ ನನ್ನನ್ನು ಕಂಡವರೇ ಚಹಾ ಕೊಟ್ಟರು. ಅವರ ಮೇಜಿನ ತುದಿಯಲ್ಲಿ ಎರಡು ಬಿಳಿ ಓರಿಕ್ಸ್‌ಗಳು ಪಕ್ಕಪಕ್ಕ ನಿಂತಿದ್ದವು. ಓರಿಕ್ಸ್ ಎಂಬ ಇಲ್ಲಿನ ಜಿಂಕೆಗೆ ಕೋಲಿನಂತೆ ನೆಟ್ಟಗಿನ ಕೊಂಬು. ಇವಕ್ಕೆ ಹಿಂದಕ್ಕೆ ಬಾಗಿದ ಕೊಂಬುಗಳಿದ್ದವು.

"ನೆಟ್ಟಗೆ ಮಾಡು ಅಂತ ಕುಂಬಾರಿಕೆಯ ಟೀಚರ್ ಎಷ್ಟು ಹೇಳಿದರೂ ಅವಳ ಕೈ ಕೇಳಲಿಲ್ಲ" ಎಂದರು ಜುಬೇದಾ. "ಕಡೆಗೆ ಅವಳೇ ನಗಾಡಿದ್ದು, 'ಇದು ಅಪ್ಪನ ಕಂಬಳದ ಕೋಣ ಆಯ್ತಲ್ಲ ಮಾರಾಯ್ತಿ' ಅಂತ. ಆಮೇಲೆ ಬೇಕಂತಲೇ ಜೋಡಿ ಮಾಡಿದ್ದು. ಈ ಎಡದ್ದು ಪಾಂಡು. ಪಾಂಡು ಅವಳನ್ನು ಕೆಸರಿಗೆ ಬೀಳಿಸಿದ ಕಥೆ ನಿಮಗೆ ಗೊತ್ತುಂಟಲ್ಲ?"

ಮಾವನ ಮನೆಯಲ್ಲಿ ಒಂದು ಕಾಲಕ್ಕೆ ಕೋಣಗಳಿದ್ದವು ಎಂಬುದನ್ನು ಬಿಟ್ಟರೆ, ಹದಿನಾಲ್ಕು ವರ್ಷದ ಸಂಸಾರದಲ್ಲಿ ನನಗೇನೂ ಗೊತ್ತಿರಲಿಲ್ಲ.

"ಗೊತ್ತು" ಎಂದೆ. "ಎರಡನ್ನೂ ಕಟ್ಟಿಕೊಡಿ."

ಜುಬೇದಾ ಪಾಂಡುವಿನ ಬೆನ್ನ ಮೇಲೆ ಕೈಯಿಟ್ಟರು. "ಇದು ನಂಗೆ ಅಂತ ಅವಳೇ ಹೇಳಿದ್ದಣ್ಣ. ಡಬ್ಬಿಗೆ ದುಡ್ಡೂ ಹಾಕಿದ್ದೇನೆ. ಬಲದ್ದು ನಿಮಗೆ ಅಂತ ಇಟ್ಟದ್ದು. ಅದರ ಹೆಸರು..."

"ಗೊತ್ತು" ಎಂದೆ ಮತ್ತೊಮ್ಮೆ, ಸ್ವಲ್ಪ ಜೋರಾಗಿಯೇ.

ಅವರು ನನ್ನ ಮುಖ ನೋಡಿದರು. "ಆಯ್ತಣ್ಣ" ಎಂದಷ್ಟೇ ಹೇಳಿ, ಬಲದ್ದನ್ನು ವಸಂತಿಯ ಮಣ್ಣು ಮೆತ್ತಿದ ಏಪ್ರನ್ನಿನಲ್ಲಿ ಸುತ್ತಿ ಕೊಟ್ಟರು. ಆ ಏಪ್ರನ್ನನ್ನು ನಾನು ನೋಡಿದ್ದು ಅದೇ ಮೊದಲು. ನಾನೂ ಡಬ್ಬಿಗೆ ದುಡ್ಡು ಹಾಕಿದೆ. ವಾಪಸು ಕಾರಿನಲ್ಲಿ ಬಿಡುತ್ತೇವೆ ಎಂದರು. ಬೇಡವೆಂದು ಬಸ್ಸು ಹತ್ತಿದೆ. ದುಬೈವರೆಗೂ ಕೊಂಬಿನ ತುದಿ ಬಟ್ಟೆಯೊಳಗಿಂದ ಅಂಗೈಗೆ ಒತ್ತುತ್ತಿತ್ತು.

ಈಗ ಅದು ನಮ್ಮ ಊಟದ ಮೇಜಿನ ಮೇಲಿದೆ. ಜುಬೇದಾರ ನಂಬರ್ ನನ್ನ ಫೋನಿನಲ್ಲಿದೆ, ಇನ್ನೂ ಕರೆ ಮಾಡಿಲ್ಲ. ಬಲದ ಕೋಣದ ಹೆಸರು ನನಗೆ ಗೊತ್ತಿಲ್ಲ.