ಮೇಡಂ ಪೂಜೆ

ನಮ್ಮ ಕಂಪ್ಯೂಟರ್ ರೂಮಿನ ಹೊರಗೆ ಬಿಟ್ಟ ಚಪ್ಪಲಿಗಳಲ್ಲಿ ಒಂದೇ ಒಂದು ಜೋಡಿ ಬೀದಿಯ ಕಡೆ ಮುಖ ಮಾಡಿರುತ್ತಿತ್ತು. ಕಂದು ಬಣ್ಣದ್ದು, ಹಿಮ್ಮಡಿಯ ಹೊರಬದಿ ಸವೆದದ್ದು, ಬಲಗಾಲಿನ ಪಟ್ಟಿಗೆ ದಪ್ಪ ದಾರದ ಹೊಲಿಗೆ ಹಾಕಿಸಿದ್ದು. ಉಳಿದ ನಮ್ಮವೆಲ್ಲ ಒಳಗೆ ನುಗ್ಗುವ ಅವಸರದಲ್ಲಿ ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಮೇಡಂ ಮಾತ್ರ ಬಾಗಿಲಿಗೆ ಬೆನ್ನು ಮಾಡಿ ನಿಂತು, ಒಂದು ಹೆಜ್ಜೆ ಹಿಂದಕ್ಕಿಟ್ಟು, ಚಪ್ಪಲಿಯನ್ನು ಅಲ್ಲೇ ಬಿಟ್ಟು ಒಳಗೆ ಬರುತ್ತಿದ್ದರು. ಸಂಜೆ ಐದೂವರೆಯಾಯಿತೋ, ಕಾಲು ತೂರಿಸಿ ನಡೆಯುವುದೇ. ಬಗ್ಗುವುದಿಲ್ಲ, ತಿರುಗುವುದಿಲ್ಲ, ‘ಬರ್ತೀನಿ’ ಎಂದು ಹೇಳುವ ಶಿಷ್ಟಾಚಾರವೂ ಇಲ್ಲ.

ಎರಡು ಸಾವಿರನೆಯ ಇಸವಿ ದಾಟಿದ ಮೊದಲ ವರ್ಷಗಳ ಮಾತು. ಧೂಳು ಒಳಗೆ ಹೋದರೆ ಕಂಪ್ಯೂಟರ್ ಕೆಡುತ್ತದೆಂದು ಎಲ್ಲರೂ ನಂಬಿದ್ದ ಕಾಲ. ಪೀಣ್ಯದ ಲೇತುಗಳ ನಡುವೆ ಕೂತು ಧೂಳಿಗೆ ಹೆದರುವುದೆಂದರೆ ಕೆರೆಯಲ್ಲಿ ಮುಳುಗಿ ಮಳೆಗೆ ಕೊಡೆ ಹಿಡಿದಂತೆ, ಆದರೂ ಹಿಡಿಯುತ್ತಿದ್ದೆವು. ನಮ್ಮದು ಒಂದು ಶೆಡ್ಡು, ಹತ್ತು ಹನ್ನೆರಡು ಜನ. ಎರಕ ಹೊಯ್ದ ಪಂಪಿನ ಭಾಗಗಳ ಒಳಗೆ ಗಾಳಿ ತುಂಬಿ, ಎಲ್ಲಾದರೂ ಸೋರುತ್ತದೆಯೇ ಎಂದು ಪರೀಕ್ಷಿಸುವ ಯಂತ್ರ ಮಾಡುತ್ತಿದ್ದೆವು. ಭಾಗವನ್ನು ಮುಚ್ಚಳದ ಕೆಳಗಿಟ್ಟು ಹಿಡಿಕೆ ಒತ್ತಿ ಬಿಗಿ ಮಾಡಿದರೆ, ಉಳಿದದ್ದು ಕಂಪ್ಯೂಟರಿನ ಕೆಲಸ: ವಾಲ್ವು ತೆರೆದು ಗಾಳಿ ತುಂಬುವುದು, ಒತ್ತಡ ಅಳೆಯುವುದು, ಮತ್ತೆ ಗಾಳಿ ಹೊರಬಿಡುವುದು. ಆಮೇಲಷ್ಟೇ ಹಿಡಿಕೆ ಎತ್ತಬೇಕು. ಒಳಗೆ ಗಾಳಿಯಿರುವಾಗಲೇ ಎತ್ತಿದರೆ ಮುಚ್ಚಳ ಸಿಡಿಯುತ್ತದೆ, ಎತ್ತಿದವರ ಕೈ ಹೋಗುತ್ತದೆ. ಆ ಯಂತ್ರಕ್ಕೆ ಪ್ರೋಗ್ರಾಂ ಬರೆಯುವವರು ಮೇಡಂ. ಅವರ ಕೈಕೆಳಗೆ ನಾನು.

ನಾನು ಪಕ್ಕದ ದಾಸರಹಳ್ಳಿಯವಳು. ಮೊದಲ ಕೆಲಸವೆಂದು ಅಮ್ಮ ಹಣೆಗೆ ಕುಂಕುಮವಿಟ್ಟು, ಬಾಯಿಗೆ ಸಕ್ಕರೆ ಹಾಕಿ ಕಳಿಸಿದ್ದರು. ಆ ಸಿಹಿ ಇನ್ನೂ ನಾಲಿಗೆಯ ಮೇಲಿರುವಾಗಲೇ ಮೇಡಂ ಕುರ್ಚಿ ತೋರಿಸಿ ಹೇಳಿದ ಮೊದಲ ಮಾತು: ‘ಮೊದ್ಲು ಇದು ಸಾಯೋದು ಹೇಗೆ ಅಂತ ಬರಿಯಮ್ಮ. ಬದುಕೋದು ಆಮೇಲೆ ನೋಡಣ.’

ಒಳ್ಳೆಯ ದಿನ ನೋಡಿ ಕೆಲಸಕ್ಕೆ ಸೇರಿದವಳಿಗೆ ಹೇಗಾಗಿರಬೇಡ? ಎಂಥ ಅಪಶಕುನದ ಹೆಂಗಸಪ್ಪಾ ಎಂದುಕೊಂಡೆ. ಅವರೋ ಗೋಡೆಗೆ ಒರಗಿ ಕೂತು, ಪ್ರೋಗ್ರಾಮಿಗೆ ಮೂರು ಥರದ ಸಾವು ಎಂದು ಪಾಠ ಶುರು ಮಾಡಿದರು. ಒಂದು, ಆಯಸ್ಸು ಮುಗಿದು ಸಾಯುವುದು, ಕೆಲಸವಾಯಿತು, ಮುಚ್ಚಿದೆವು. ಎರಡನೆಯದು ಕಾಯಿಲೆ, ಒಳಗೇನೋ ತಪ್ಪಾಗಿ ಮುಗ್ಗರಿಸುತ್ತದೆ, ಆದರೂ ಕೊನೆಯ ಮಾತು ಹೇಳುವಷ್ಟು ಹೊತ್ತು ಸಿಗುತ್ತದೆ. ಈ ಎರಡರಲ್ಲೂ ಪ್ರೋಗ್ರಾಂ ಹೋಗುವ ಮುಂಚೆ ತುಂಬಿದ ಗಾಳಿ ಬಿಡಬೇಕು, ತೆರೆದ ಫೈಲು ಮುಚ್ಚಬೇಕು, ಹಿಡಿದದ್ದನ್ನೆಲ್ಲ ಕೆಳಗಿಡಬೇಕು. ಅದಕ್ಕೆ ಬೇಕಾದ ಸಾಲುಗಳನ್ನು ಎಲ್ಲಕ್ಕಿಂತ ಮೊದಲು ಬರೆಯಬೇಕು. ಮೂರನೆಯದು ಯಾವುದು ಎಂದು ಕೇಳಿದೆ. ಕರೆಂಟು ಹೋಗೋದು, ಅದಕ್ಕೆ ನಾವೇನೂ ಮಾಡೋಕಾಗಲ್ಲ ಎಂದು ಎದ್ದುಹೋದರು.

ಮೇಡಂ ಕೈಯಲ್ಲಿ ಮೆಚ್ಚುಗೆ ಪಡೆಯುವುದು ಕಲ್ಲಿನಿಂದ ನೀರು ಹಿಂಡಿದ ಹಾಗೆ. ಸಾಯುವ ಭಾಗ ಬರೆಯದೆ ಮುಂದೆ ಹೋಗಿದ್ದರೆ, ನನ್ನೆದುರೇ ಇಡೀ ಪುಟವನ್ನು ಅಳಿಸಿ, ಕೈ ಒರೆಸಿಕೊಂಡು ಹೋಗುತ್ತಿದ್ದರು. ಮೊದಲ ವರ್ಷ ನಾನು ಬಚ್ಚಲಲ್ಲಿ ಅತ್ತದ್ದೇ ಹೆಚ್ಚು. ಕೆಲಸ ಒಪ್ಪಿಗೆಯಾದರೆ ಮಾತಿಲ್ಲ. ಮಧ್ಯಾಹ್ನ ತಮ್ಮ ಡಬ್ಬಿಯ ಮುಚ್ಚಳಕ್ಕೆ ಅರ್ಧ ಉಪ್ಪಿಟ್ಟು ಹಾಕಿ ನನ್ನ ಕಡೆ ತಳ್ಳುವರು. ಅವರೆಕಾಯಿ ಕಾಲದಲ್ಲಿ ಆ ಉಪ್ಪಿಟ್ಟಿಗಾಗಿ ನಾನು ಬಹಳ ಶುದ್ಧವಾದ ಪ್ರೋಗ್ರಾಂ ಬರೆದಿದ್ದೇನೆ.

ಅವರ ಮನೆ ಬೇಗೂರಿನಲ್ಲಿ, ಊರಿನ ಹಳೆಯ ಒಕ್ಕಲು ಮನೆತನ. ನಗರದ ಆ ತುದಿಯಿಂದ ಈ ತುದಿಗೆ ಬಸ್ಸು ಬದಲಾಯಿಸಿ ಬರುತ್ತಿದ್ದರು. ಹೊಲವಿದ್ದ ಜಾಗದಲ್ಲಿ ಗಂಡ ಸಾಲಾಗಿ ಬಾಡಿಗೆ ಮನೆ ಕಟ್ಟಿಸಿದ್ದರು. ಮನೆಯಲ್ಲಿ ಕೂತು ತಿನ್ನಬಹುದಾದವಳು ಅಷ್ಟು ದೂರ ಯಾಕೆ ಸಾಯಬೇಕು ಎಂದು ನೆಂಟರು ಮೂಗು ಮುರಿಯುತ್ತಿದ್ದರಂತೆ. ಅತ್ತೆಯೊಬ್ಬರೇ ಸೊಸೆಯ ಪರ. ಬೆಳಿಗ್ಗೆ ಡಬ್ಬಿ ಕಟ್ಟಿ ಕೊಡುತ್ತಿದ್ದವರು ಅವರು. ಸಂಜೆ ಜಗಲಿಯ ಮೇಲೆ ಕೂತು ಬಸ್ಸು ನಿಲ್ಲುವ ಕಡೆ ನೋಡುತ್ತಿದ್ದವರೂ ಅವರೇ. ಐದೂವರೆಯ ಶಿಸ್ತು ಆ ಮುದುಕಿಗಾಗಿ ಎಂದು ನನಗೆ ತಿಳಿದದ್ದು ಎಷ್ಟೋ ತಡವಾಗಿ.

ಹೀಗಿರುವಾಗ ನಮ್ಮ ಯಂತ್ರ ಒಬ್ಬರ ಕೈ ಮುರಿಯಿತು. ತುಮಕೂರು ರಸ್ತೆಯ ಕಡೆ ನಾವು ಯಂತ್ರ ಕೊಟ್ಟಿದ್ದ ಕಾರ್ಖಾನೆಯಲ್ಲಿ, ಬೆಳಗಿನ ಪಾಳಿಯ ಆಪರೇಟರ್ ಒಬ್ಬರು ಹಿಡಿಕೆ ಎತ್ತಿದಾಗ ಮುಚ್ಚಳ ಸಿಡಿದು ಎಡಗೈ ಬೆರಳುಗಳು ಮುರಿದವು. ಹಿಂದಿನ ಪಾಳಿಯವರು ಬಿಟ್ಟುಹೋದ ಗಾಳಿ ಒಳಗೇ ಇತ್ತು. ನಮ್ಮ ಶೆಡ್ಡಿನ ಯಜಮಾನರು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಪೈಕಿ. ಪ್ರೋಗ್ರಾಂ ಸರಿಯಾಗಿ ಮುಚ್ಚಿ ಎಂದು ಯಂತ್ರದ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿದೆ, ಮುಚ್ಚದೆ ಹೋದದ್ದು ಅವರ ತಪ್ಪು ಎಂದು ಕಾಗದ ಕಳಿಸಲು ಹೊರಟರು. ಮೇಡಂ ಅದನ್ನು ತಡೆದು, ನನ್ನನ್ನೂ ಎಳೆದುಕೊಂಡು ಕಾರ್ಖಾನೆಗೆ ಹೋದರು.

ಅಲ್ಲಿ ಅವರು ಯಾರನ್ನೂ ಏನೂ ಕೇಳಲಿಲ್ಲ. ಯಂತ್ರದ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂತರು. ಮಧ್ಯಾಹ್ನ ಪಾಳಿ ಮುಗಿಯುವ ಸೈರನ್ ಆಯಿತು. ಆಪರೇಟರ್ ಪ್ರೋಗ್ರಾಂ ಮುಚ್ಚಲು ಒತ್ತಿದರು. ಪರದೆಯ ಮೇಲೆ ಮೇಡಂ ಬರೆದ ಸಾಲು ಮೂಡಿತು, ದಯವಿಟ್ಟು ಕಾಯಿರಿ ಎಂದು. ಒಂದೊಂದೇ ವಾಲ್ವು ತೆರೆದು ಗಾಳಿ ಬಿಡಲು ಅದಕ್ಕೆ ಅಷ್ಟು ಹೊತ್ತು ಬೇಕಿತ್ತು. ಆಪರೇಟರ್ ಕಾಯಲಿಲ್ಲ. ಗೋಡೆಯ ಮೇಲಿನ ಮೇನ್ ಸ್ವಿಚ್ಚನ್ನು ಪಟ್ಟನೆ ಕೆಳಗೆಳೆದು ಹೊರಟರು. ಆಚೆ ಯಂತ್ರದವರೂ ಹಾಗೆಯೇ. ನಾವು ಕಷ್ಟಪಟ್ಟು ಬರೆದ ‘ಒಳ್ಳೆಯ ಸಾವು’ ಆ ಕಾರ್ಖಾನೆಯಲ್ಲಿ ಒಂದು ದಿನವೂ ನಡೆದಿರಲಿಲ್ಲ. ದಿನಕ್ಕೆ ಮೂರು ಪಾಳಿ, ಮೂರಕ್ಕೂ ಕರೆಂಟು ಹೋದ ಸಾವೇ.

ಹೊರಟಿದ್ದ ಆಪರೇಟರನ್ನು ನಿಲ್ಲಿಸಿ, ಯಾಕಪ್ಪಾ ಎಂದು ಮೇಡಂ ಮೆಲ್ಲಗೆ ಕೇಳಿದರು. ಬೈಯುತ್ತಾರೆಂದು ಆತ ಹಿಂದೆ ಸರಿದು ನಿಂತ.

‘ಅದು ವೆಯ್ಟ್ ವೆಯ್ಟ್ ಅಂತದೆ ಮೇಡಂ. ನಮ್ ಬಸ್ಸು ವೆಯ್ಟ್ ಮಾಡಲ್ವಲ್ಲ.’

ಮೇಡಂ ಜೋರಾಗಿ ನಕ್ಕರು. ಗೇಟಿನ ಬಳಿ ಕಂಪನಿ ಬಸ್ಸು ಎಂಜಿನ್ ಶುರು ಮಾಡಿಕೊಂಡು ನಿಂತಿತ್ತು. ತಪ್ಪಿದರೆ ನೆಲಮಂಗಲದ ತನಕ ನಿಂತು ಹೋಗಬೇಕು. ಬಸ್ಸಿನ ವಿಷಯದಲ್ಲಿ ಅವರಿಗೆ ಆತನ ಕಷ್ಟ ಬಿಡಿಸಿ ಹೇಳಬೇಕಿರಲಿಲ್ಲ. ಆಮೇಲೆ ಬೆರಳು ಮುರಿದ ಆಪರೇಟರನ್ನು ಹುಡುಕಿಕೊಂಡು ಹೋದರು. ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಆನಿಸಿಕೊಂಡು ಸ್ಟೋರಿನಲ್ಲಿ ಹಗುರ ಕೆಲಸಕ್ಕೆ ಕೂತಿದ್ದರು. ಮೇಡಂ ಅವರೆದುರು ನಿಂತು, ತಪ್ಪು ನಂದು ಕಣಪ್ಪ ಎಂದರು. ‘ಬುಡಿ ಮೇಡಂ, ಬಲಗೈ ಐತಲ್ಲ’ ಎಂದು ಅವರು ನಾಚಿಕೊಂಡರು. ಮೇಡಂ ಕಣ್ಣು ಒದ್ದೆಯಾದದ್ದನ್ನು ನಾನು ಮೊದಲು ನೋಡಿದ್ದು ಅಲ್ಲಿ.

ವಾಪಸು ಬರುವ ಬಸ್ಸು ಜಾಲಹಳ್ಳಿ ಕ್ರಾಸಿಗೆ ಬಂದಿತ್ತು. ಮೇಡಂ ಇದ್ದಕ್ಕಿದ್ದಂತೆ ಬಾಡಿಗೆ ಮನೆಗಳ ವಿಷಯ ತೆಗೆದರು. ಖಾಲಿ ಮಾಡಿಕೊಂಡು ಹೋಗುವವರು ಗುಡಿಸಿ ಹೋಗಲಿ ಎಂದು ಗಂಡ ಎಷ್ಟು ಕೂಗಾಡಿದರೂ ಯಾರೂ ಗುಡಿಸುವುದಿಲ್ಲವಂತೆ. ಟೆಂಪೋ ಬಂದು ನಿಂತಿರುತ್ತದೆ, ಮಗು ಅಳುತ್ತಿರುತ್ತದೆ, ಪೊರಕೆ ಆಗಲೇ ಮೂಟೆಯೊಳಗೆ ಹೋಗಿರುತ್ತದೆ. ಅದಕ್ಕೇ ಅತ್ತೆ ಹೋದವರ ಮೇಲೆ ಸಿಟ್ಟಾಗುವುದನ್ನೇ ಬಿಟ್ಟಿದ್ದರು. ಹೊಸಬರು ಹಾಲುಕ್ಕಿಸಲು ಬರುವ ಬೆಳಿಗ್ಗೆ, ಹಳಬರು ಗುಡಿಸಿದ್ದಾರೋ ಇಲ್ಲವೋ ಎಂದು ನೋಡುವುದಕ್ಕೂ ಹೋಗದೆ, ತಾವೇ ಪೊರಕೆ ಹಿಡಿದು ಒಳಗೆ ನಡೆಯುತ್ತಿದ್ದರು.

‘ನಮ್ಮತ್ತೆ ಏನ್ ಹೇಳ್ತಾರೆ ಗೊತ್ತೇನೇ?’ ಎಂದು ಮೇಡಂ ಅತ್ತೆಯ ದನಿಯಲ್ಲೇ ಹೇಳಿದರು. ‘ಓಗೋರ್‌ಗೆ ಓಗೋದೇ ಚಿಂತೆ ಕಣವ್ವ. ಬರೋವಾಗ್ಲೇ ಗುಡಿಸ್ಬೇಕು.’

ಮರುದಿನದಿಂದ ಅವರು ಪ್ರೋಗ್ರಾಮಿನ ಕೊನೆಯಲ್ಲಿದ್ದ ಸಾಲುಗಳನ್ನು ಶುರುವಿಗೂ ತಂದು ಕೂರಿಸಿದರು. ಸ್ವಿಚ್ಚು ಹಾಕಿದ ಕೂಡಲೇ ಯಂತ್ರ ಬೇರೇನನ್ನೂ ಮಾಡದೆ, ಹಿಂದಿನವರು ಗಾಳಿ ಹೊರಬಿಟ್ಟಿಲ್ಲ ಎಂದೇ ತಿಳಿದುಕೊಂಡು, ಗಾಳಿ ಹೊರಬಿಡುವ ವಾಲ್ವುಗಳನ್ನೆಲ್ಲ ತೆರೆಯುತ್ತದೆ. ಒತ್ತಡ ಸೊನ್ನೆಗೆ ಬಂದ ಮೇಲೇ ಹಸಿರು ದೀಪ. ದೀಪ ಬರುವ ತನಕ ಹಿಡಿಕೆ ಮುಟ್ಟಬಾರದು ಎಂದು ಯಂತ್ರದ ಮೇಲೆ ದೊಡ್ಡದಾಗಿ ಬರೆಸಿದರು. ಕರೆಂಟು ಹೋದರೆ ತಾನಾಗಿ ತೆರೆದುಕೊಳ್ಳುವ ವಾಲ್ವು ಹಾಕೋಣ ಎಂದೂ ಕೇಳಿದ್ದರು. ಅದು ಮುಂದಿನ ಮಾಡೆಲಿಗೆ ಎಂದರು ಯಜಮಾನರು, ಆ ವಾಲ್ವು ಕೊನೆಗೂ ಬರಲೇ ಇಲ್ಲ. ಶುರುವಿನಲ್ಲಿ ಇಷ್ಟು ಹೊತ್ತು ಸುಮ್ಮನೆ ಉಸ್ ಅನ್ನುತ್ತಿದ್ದರೆ ಗಿರಾಕಿಗಳು ನಗುತ್ತಾರೆ, ತೆಗೆದುಬಿಡಿ ಎಂದು ಅವರು ಹೇಳುತ್ತಲೇ ಇದ್ದರು. ಮೇಡಂ ಅದೊಂದು ಮಾತಿಗೆ ಮಾತ್ರ ಕಿವುಡಿಯಾದರು. ಇದನ್ನು ತೆಗೆಯುವುದಾದರೆ ನನ್ನನ್ನೂ ತೆಗೆಯಿರಿ ಎಂದು ಒಂದು ಸಲ ಹೇಳಿದ ಮೇಲೆ ಯಜಮಾನರೂ ಸುಮ್ಮನಾದರು.

ಕಾರ್ಖಾನೆಯವರು ನಕ್ಕದ್ದೇನೋ ನಿಜ. ಪಾಳಿ ಶುರುವಾದಾಗ ಯಂತ್ರ ಉಸ್ ಎನ್ನುತ್ತಿದ್ದರೆ ಆಪರೇಟರುಗಳು ಕೈಕಟ್ಟಿ ನಿಂತು, ಮೇಡಂ ಪೂಜೆ ನಡೀತಾ ಇದೆ ಎನ್ನುತ್ತಿದ್ದರು. ಹಸಿರು ದೀಪ ಬಂದರೆ, ಮಂಗಳಾರತಿ ಆಯ್ತು. ಕ್ರಮೇಣ ನಮ್ಮ ಶೆಡ್ಡಿನಲ್ಲೂ ಅದೇ ಹೆಸರಾಯಿತು. ಮೇಡಂಗೂ ಒಳಗೊಳಗೇ ಖುಷಿ. ಹೊಸಬರು ಬಂದರೆ ‘ಪೂಜೆ ಆಗ್ದೆ ಪ್ರಸಾದಕ್ಕೆ ಕೈ ಹಾಕ್ಬಾರ್ದು’ ಎಂದು ತಾವೇ ಹೇಳುತ್ತಿದ್ದರು. ಆಮೇಲೆ ಯಾವ ಕಾರ್ಖಾನೆಯಿಂದಲೂ ಕೈ ಮುರಿದ ಸುದ್ದಿ ಬರಲಿಲ್ಲ.

ವರ್ಷಗಳು ಕಳೆದವು. ತುಮಕೂರು ರಸ್ತೆಯ ನೆತ್ತಿಯ ಮೇಲೆ ಮೆಟ್ರೊ ಬಂತು. ನನ್ನ ಮದುವೆಯಾಗಿ ಮಗುವಾಯಿತು. ಕಂಪ್ಯೂಟರಿಗೆ ಧೂಳು ಒಂದು ಲೆಕ್ಕವೇ ಅಲ್ಲವೆಂದು ಗೊತ್ತಾದರೂ ಚಪ್ಪಲಿ ಹೊರಗೇ ಬಿಡುತ್ತಿದ್ದೆವು. ಒಂದು ಶುಕ್ರವಾರ ಮಧ್ಯಾಹ್ನ ಮೇಡಂ ರೂಮಿನೊಳಗೆ ನಮ್ಮ ಪರೀಕ್ಷಾ ಯಂತ್ರವಿದ್ದ ಮೇಜಿನ ಬಳಿ ಗಿರಾಕಿ ಕಳಿಸಿದ್ದ ಒಂದು ಹೊಸ ಭಾಗವನ್ನು ನೋಡುತ್ತಿದ್ದರು. ತಲೆ ಒಂಥರಾ ಆಗ್ತಿದೆ ಕಣೇ ಎಂದವರು, ಮೇಜು ಹಿಡಿದುಕೊಂಡು ಹಾಗೆಯೇ ಕುಸಿದರು. ಎಲ್ಲರೂ ಓಡಿಬಂದೆವು. ಅವರ ಕೈ ಯಂತ್ರದ ತಂತಿಗಳ ಬಳಿ ಬಿದ್ದಿತ್ತು. ಶಾಕ್ ಹೊಡೆದಿರಬೇಕೆಂದು ಹೆದರಿ ಯಾರೋ ಮೇನ್ ಸ್ವಿಚ್ಚು ಕೆಳಗೆಳೆದರು. ಎತ್ತಿಕೊಂಡು ಯಜಮಾನರ ಕಾರಿನಲ್ಲಿ ಮಲಗಿಸಿದೆವು. ಬರಿಗಾಲಲ್ಲಿ ಹೋದರು. ಮೆದುಳಿನಲ್ಲಿ ರಕ್ತನಾಳ ಒಡೆದಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು, ಸಂಜೆಯೊಳಗೆ ಎಲ್ಲ ಮುಗಿಯಿತು. ಅವರೇ ಹೇಳುತ್ತಿದ್ದ ಮೂರನೆಯ ಸಾವು ಅದು.

ಸೋಮವಾರ ನಾನು ಬಂದಾಗ ಬಾಗಿಲ ಹೊರಗೆ ಅವರ ಚಪ್ಪಲಿಯಿತ್ತು, ಬೀದಿಯ ಕಡೆ ಮುಖ ಮಾಡಿಕೊಂಡು. ಅದನ್ನು ಮುಟ್ಟಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಅದನ್ನು ದಾಟಿ ಒಳಗೆ ಹೋದೆ. ಮೇಜಿನ ಮೇಲೆ ಅವರ ಲೋಟದ ತಳದಲ್ಲಿ ಕಾಫಿ ಒಣಗಿತ್ತು. ಹೊಸ ಭಾಗ ಮುಚ್ಚಳದ ಕೆಳಗೇ ಇತ್ತು. ಅದನ್ನಾದರೂ ತೆಗೆದಿಡೋಣವೆಂದು ಹಿಡಿಕೆಯ ಮೇಲೆ ಕೈಯಿಟ್ಟೆ. ಕಣ್ಣು ತುಂಬಿತ್ತು, ಏನೂ ಕಾಣುತ್ತಿರಲಿಲ್ಲ. ಎತ್ತಬೇಕು, ಅಷ್ಟರಲ್ಲಿ ಪೂಜೆ ಆಗಿಲ್ಲವಲ್ಲ ಎಂದು ಹೊಳೆಯಿತು. ಭಯದಿಂದ ಅಲ್ಲ, ಹದಿನೈದು ವರ್ಷಗಳ ಅಭ್ಯಾಸ. ಕೈ ತೆಗೆದು, ಗೋಡೆಯ ಬಳಿ ಹೋಗಿ ಸ್ವಿಚ್ಚು ಮೇಲೆತ್ತಿದೆ.

ವಾಲ್ವು ತೆರೆಯಿತು. ಉಸ್ ಎಂದು ದೊಡ್ಡ ಸದ್ದು. ಖಾಲಿ ಯಂತ್ರದ ಸದ್ದಲ್ಲ, ತುಂಬಿದ ಯಂತ್ರದ್ದು. ಕಣ್ಣು ಒರೆಸಿಕೊಂಡು ನೋಡಿದರೆ ಒತ್ತಡ ತೋರಿಸುವ ಮುಳ್ಳು ಮೇಲಿನಿಂದ ನಿಧಾನವಾಗಿ ಇಳಿಯುತ್ತಿತ್ತು. ಆ ಗಾಳಿ ಶುಕ್ರವಾರ ಮೇಡಂ ತುಂಬಿದ್ದು. ಒಳ್ಳೆಯ ಎರಕ, ಎಲ್ಲೂ ಸೋರದೆ ಎರಡೂವರೆ ದಿನ ಹಿಡಿದುಕೊಂಡಿತ್ತು. ಹೋಗುವಾಗ ಬಿಡಲು ಅವರಿಗೆ ಹೊತ್ತು ಸಿಗಲಿಲ್ಲ. ಬಂದವಳ ಕೈ ಉಳಿಯಲಿ ಎಂದು ಅವರು ಎಂದೋ ಬರೆದಿಟ್ಟಿದ್ದ ಸಾಲುಗಳು ಈಗ ಅದನ್ನು ಬಿಡುತ್ತಿದ್ದವು. ಹಸಿರು ದೀಪ ಬಂತು. ನಾನು ನೆಲದ ಮೇಲೆ ಕೂತು ಮನಸಾರೆ ಅತ್ತೆ.

ಈ ಎರಡು ಕೈಗಳು ಅವರು ಉಳಿಸಿಕೊಟ್ಟವು. ಅದನ್ನು ಅವರೆದುರು ಬಾಯಿಬಿಟ್ಟು ಹೇಳೋಣವೆಂದರೆ ಅವರಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಂದು ಸಂಜೆ ಚಪ್ಪಲಿಯನ್ನು ಒಂದು ಕವರಿನಲ್ಲಿ ಹಾಕಿಕೊಂಡು ಬೇಗೂರಿಗೆ ಹೋದೆ. ಅತ್ತೆ ಜಗಲಿಯ ಮೇಲೆ ಕೂತಿದ್ದರು. ಸತ್ತವರ ಚಪ್ಪಲಿ ಯಾಕೆ ತಂದೆ ಎಂದು ಒಳಗಿನಿಂದ ಯಾರೋ ಗೊಣಗಿದರು. ಅತ್ತೆ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕವರಿನಿಂದ ಚಪ್ಪಲಿ ತೆಗೆದು, ಸೆರಗಿನಲ್ಲಿ ಧೂಳು ಒರೆಸಿ, ಕಷ್ಟಪಟ್ಟು ಬಗ್ಗಿ ಹೊಸಿಲ ಹೊರಗೆ ಇಟ್ಟರು. ಮುಖ ಮನೆಯ ಕಡೆಗೆ.

‘ಯಾವತ್ತೂ ಇಷ್ಟು ತಡ ಮಾಡ್ದೋಳಲ್ಲ ಕಣವ್ವ’ ಎಂದರು.